ನಾನು ಬರೆಯದೆ ಬಿಟ್ಟ ಗ್ರಂಥಿ

ರಟ್ಟಿನ ಡಬ್ಬಿಯೊಂದರಲ್ಲಿ ನನ್ನ ಕುಂಚಗಳಿವೆ. ಅವುಗಳಲ್ಲಿ ಅತಿ ಸಣ್ಣದಕ್ಕೆ ನಾಲ್ಕೇ ಕೂದಲು ಉಳಿದಿವೆ, ನನ್ನ ತಲೆಯ ಮೇಲೆ ಅಷ್ಟೂ ಇಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವವರು ಬೇಕಾದಷ್ಟು ಜನ ಇದ್ದರು, ಗೆಳೆಯರೇ, ಆದರೆ ಮನುಷ್ಯನ ಒಳಗನ್ನು ಬರೆಯುವವನು ನಾನೊಬ್ಬನೇ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶಾಲೆಗಳಲ್ಲಿ ತೂಗುವ ಹೃದಯ, ಮೂತ್ರಪಿಂಡ, ಅಸ್ಥಿಪಂಜರಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯವು. ಕುರುಗೋಡಿನ ಶಾಲೆಗೆ ನಾನು ಬರೆದ ಕಣ್ಣಿನ ಚಿತ್ರವನ್ನು ಕಂಡು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, "ಇದೇನ್ರಿ, ನನ್ನನ್ನ ನೋಡಾಕತ್ತೈತಲ್ಲ" ಎಂದು ಮೂರು ಸಲ ಕುರ್ಚಿ ಬದಲಿಸಿದ್ದರಂತೆ. ನಾನು ಬೇಕೆಂದೇ ಹಾಗೆ ಬರೆದಿದ್ದೆ.

ಬಹಳ ವರ್ಷಗಳ ಹಿಂದೆ ಸಿರುಗುಪ್ಪದ ಹೈಸ್ಕೂಲೊಂದರ ಹೆಡ್ಮಾಸ್ತರರು ನನ್ನ ಅಂಗಡಿಗೆ ಬಂದರು. ಪಠ್ಯಪುಸ್ತಕದ ಮಾಸಿದ ಪುಟವೊಂದನ್ನು ವಿಭೂತಿ ಪೊಟ್ಟಣದಂತೆ ಮಡಚಿ ನನ್ನ ಅಂಗೈಗಿಟ್ಟು, ರಸ್ತೆಯ ಕಡೆ ನೋಡುತ್ತ, "ಇದನ್ನೊಂದು ಬರಕೊಡ್ರಿ. ಭಾಳ ದೊಡ್ಡದು ಬ್ಯಾಡ" ಎಂದರು. ಬಿಚ್ಚಿದರೆ ಗಂಡಸಿನ ಪ್ರಜನನಾಂಗಗಳ ಚಿತ್ರ.

"ಸಣ್ಣದ ಮಾಡಿದ್ರ ಹಿಂದಿನ ಬೆಂಚಿಗೆ ಹೆಂಗ ಕಾಣಬೇಕ್ರಿ ಸರ್?"

"ಹಿಂದಿನ ಬೆಂಚಿನವರಿಗೆ ಎಲ್ಲಾ ಗೊತ್ತಿರತೈತಿ ಬಿಡ್ರಿ."

ವಾರವಿಡೀ ಆ ಚಿತ್ರದ ಮುಂದೆ ಕುಳಿತಾಗ, ನನ್ನಲ್ಲೇ ಇದ್ದೂ ನಾನು ನೋಡದ ಊರೊಂದಕ್ಕೆ ಹೋಗಿ ಬಂದಂತಾಯಿತು. ವೃಷಣಗಳು ಮೈಯ ಹೊರಗೇಕೆ ತೂಗುತ್ತವೆಂದು ಬಳ್ಳಾರಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಳಗಿನ ಸೆಕೆ ತಾಳದೆ ನಾವು ಬೇಸಿಗೆಯಲ್ಲಿ ಅಂಗಳಕ್ಕೆ ಮಂಚ ಎಳೆದುಕೊಳ್ಳುವುದಿಲ್ಲವೇ, ಅವೂ ಹಾಗೆಯೇ ತಂಪು ಹುಡುಕಿಕೊಂಡು ಚೀಲದಲ್ಲಿ ಹೊರಗೆ ಬಿಡಾರ ಹೂಡಿವೆ. ಇನ್ನು ವೀರ್ಯನಾಳದ ಸಂಗತಿ ಕೇಳಿ. ಹೋಗಬೇಕಾದ ಜಾಗ ಗೇಣುದ್ದದಲ್ಲಿದ್ದರೂ ಅದು ಹೊಟ್ಟೆಯೊಳಕ್ಕೆ ಏರಿ, ಮೂತ್ರಕೋಶವನ್ನು ಬಳಸಿ, ಹಿಂದಿನಿಂದ ಇಳಿದು ಬರುತ್ತದೆ, ಸಿರುಗುಪ್ಪದಿಂದ ಕುರುಗೋಡಿಗೆ ಹೊರಟವನು ಬಳ್ಳಾರಿಗೆ ಬಂದು ಬಸ್ಸು ಬದಲಿಸುವ ಹಾಗೆ. ದೇವರೂ ಸಾರಿಗೆ ಇಲಾಖೆಯೂ ಒಂದೇ ಗುರುವಿನ ಬಳಿ ಕಲಿತವರೆಂದು ನನಗೆ ಅಂದೇ ಅನುಮಾನ ಬಂದಿತ್ತು.

ಆ ಪುಟದಲ್ಲಿ ಮೂತ್ರಕೋಶದ ಕತ್ತಿನ ಕೆಳಗೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತಿಕೊಂಡು, ನೆಲ್ಲಿಕಾಯಿಯಂಥದೊಂದು ಗಂಟು ಕಾಣುತ್ತಿತ್ತು. ಅಚ್ಚಿನವನು ಮಸಿ ಕೆಡವಿದ್ದಾನೆಂದು ತೀರ್ಮಾನಿಸಿ ನಾನು ಅದನ್ನು ಬಿಟ್ಟೆ. ಪಕ್ಕದಲ್ಲಿದ್ದ ಹೆಸರನ್ನೂ ಬಿಟ್ಟೆ. ಬೋರ್ಡು ಬರೆಯುವವನಿಗೆ ಕಲೆ ಕಂಡರೆ ಒರೆಸುವ ಚಟ. ಹಿಂದೊಮ್ಮೆ ಅಸ್ಥಿಪಂಜರದ ಚಿತ್ರ ಒಯ್ಯುವಾಗ ಪಕ್ಕೆಲುಬನ್ನು ಎರಡು ಸಲ ಎಣಿಸಿದ್ದ ಹೆಡ್ಮಾಸ್ತರರು ಇದನ್ನು ಮಾತ್ರ ಗೋಡೆಗೆ ಮುಖ ಮಾಡಿ ನಿಂತೇ ತೆಗೆದುಕೊಂಡರು. "ಒಮ್ಮೆ ನೋಡ್ರಿ ಸರ್" ಎಂದರೆ "ಸುತ್ರಿ, ಸುತ್ರಿ, ಚಲೋ ಐತಿ" ಎಂದರು. ಮುಂದೆ ಆ ಪಾಠವನ್ನು "ಮನ್ಯಾಗ ಓದ್ಕೊಳ್ರಿ" ಎಂದು ಹಾರಿಸುತ್ತಿದ್ದರಂತೆ. ಹೀಗಾಗಿ ನನ್ನ ಚಿತ್ರ ಸುತ್ತಿಟ್ಟಲ್ಲೇ ಸುರಕ್ಷಿತವಾಗಿ ಉಳಿಯಿತು.

ಎಪ್ಪತ್ತು ದಾಟಿದ ಮೇಲೆ ನನಗೊಂದು ತೊಂದರೆ ಶುರುವಾಯಿತು. ಮೂತ್ರಕ್ಕೆ ನಿಂತರೆ ಹೊರಡದು, ಹೊರಟರೆ ಮುಗಿಯದು. ಬಸ್ ನಿಲ್ದಾಣದಲ್ಲಿ ನನ್ನ ಹಿಂದೆ ನಿಂತವನೊಬ್ಬ, "ಯಜಮಾನ್ರ, ಅಲ್ಲೇ ಮನಿ ಕಟ್ಟಾಕತ್ತೀರೇನು?" ಎಂದ. "ಪಾಯಾ ಹಾಕೇನಿ, ಗ್ವಾಡಿ ಏಳವಲ್ದು" ಎಂದೆ. ಅವನೇನೋ ನಗುತ್ತ ಪಕ್ಕದ ಸಾಲಿಗೆ ಹೋದ, ನನ್ನ ತೊಂದರೆ ಹೋಗಲಿಲ್ಲ. ಎರಡು ವರ್ಷ ಯಾರಿಗೂ ಹೇಳದೆ ಚಹಾ ಬಿಟ್ಟೆ, ಜೀರಿಗೆ ನೀರು ಕುಡಿದೆ. ಡಾಕ್ಟರ ಬಳಿಗೆ ಹೋಗುವ ಯೋಚನೆಯೇ ಬರಲಿಲ್ಲ, ಯಾಕೆಂದರೆ ನನ್ನ ಚಿತ್ರದ ಪ್ರಕಾರ ಆ ದಾರಿಯಲ್ಲಿ ಅಡ್ಡ ನಿಲ್ಲುವಂಥದ್ದೇನೂ ಇರಲಿಲ್ಲ.

ಕೊನೆಗೆ ಹೆಂಡತಿ ಬೈದು ದೂಡಿದ ಮೇಲೆ ಹೋದೆ. ಮೊಮ್ಮಗನ ವಯಸ್ಸಿನ ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು. "ಇಲ್ಲೊಂದು ಪ್ರಾಸ್ಟೇಟ್ ಗ್ರಂಥಿ ಐತ್ರಿ. ವಯಸ್ಸಾದಂಗ ದಪ್ಪಾಗಿ ನಾಳ ಹಿಚುಕತೈತಿ."

"ಅಲ್ಲಿ ಅಂಥಾದ್ದೇನಿಲ್ಲ ಡಾಕ್ಟ್ರೇ. ನಾನ ಬರದೀನಿ, ನನಗ ಗೊತ್ತಿಲ್ಲೇನು?"

ಅವರು ನನ್ನನ್ನೂ ಕಾಗದವನ್ನೂ ನೋಡಿ ಮೆಲ್ಲಗೆ ಹೇಳಿದರು. "ತಾತಾ, ನೀವು ಬರೀದಿದ್ರೂ ಅದು ಬೆಳದೈತ್ರಿ."

ಹರೆಯದಲ್ಲಿ ಬೀಜಕ್ಕೆ ಈಜಲು ನೀರು ಕೊಟ್ಟು, ಹೆಸರೂ ಹೇಳಿಕೊಳ್ಳದೆ ಮೂಲೆಯಲ್ಲಿ ದುಡಿದ ಜೀವ ಅದು. ಮುಪ್ಪಿನಲ್ಲಿ ದಾರಿಗೆ ಅಡ್ಡ ಕೂತು "ನನ್ನ ಗುರುತು ಸಿಕ್ತೇನ್ರಿ?" ಎಂದು ಕೇಳಿದರೆ ತಪ್ಪೇನು? ಆದರೂ ಡಾಕ್ಟರು ಕೊಟ್ಟ ಗುಳಿಗೆಗಳನ್ನು ನಾನು ನುಂಗಲಿಲ್ಲ. ನುಂಗಿದರೆ ನನ್ನ ಚಿತ್ರ ತಪ್ಪೆಂದು ಒಪ್ಪಿಕೊಂಡಂತೆ. ಮೊದಲು ಚಿತ್ರ ತಿದ್ದಿ ನನ್ನ ಹೆಸರು ಉಳಿಸಿಕೊಳ್ಳಬೇಕು, ಮೈ ಆಮೇಲೆ ನೋಡಿದರಾಯಿತು ಎಂದು ಬಣ್ಣ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದೆ.

ಹಳೆಯ ಹೆಡ್ಮಾಸ್ತರರು ಎಂದೋ ನಿವೃತ್ತರಾಗಿದ್ದರು. ಈಗ ವಿಜ್ಞಾನ ಹೇಳುವ ಲಕ್ಷ್ಮೀದೇವಿ ಮೇಡಂ ನನ್ನ ಚಿತ್ರವನ್ನು ಹೊರತೆಗೆದು ತರಗತಿಯ ಗೋಡೆಗೇ ತೂಗುಹಾಕಿದ್ದರು. ಕೆಳಗೆ ಅಂಗಗಳಿಗಿಂತ ದೊಡ್ಡದಾಗಿ ನನ್ನ ಹೆಸರು.

"ನೀವೇನ್ರಿ ಆ ಪೇಂಟರು? ಈ ಸಾಲ್ಯಾಗ ನಿಮ್ಮ ಹೆಸರು ಗೊತ್ತಿಲ್ಲದವರ ಇಲ್ಲ ನೋಡ್ರಿ."

ನನ್ನ ಎದೆ ಉಬ್ಬಿತು. "ಕೆಲಸ ಹಂಗ ಐತಲ್ರಿ ಮತ್ತ."

"ಹೌದ್ರಿ. ವರ್ಷಾ ಒಂದು ಪ್ರಶ್ನಿ ಕೇಳ್ತೀನಿ, ಈ ಚಿತ್ರದಾಗ ಪೇಂಟರು ಏನು ಬರಿಯೋದು ಮರತಾರ ಅಂತ."

ಉಬ್ಬಿದ್ದು ಅಲ್ಲೇ ಇಳಿಯಿತು. ಒಂದು ಗಳಿಗೆ ಕೊಟ್ಟರೆ ತಿದ್ದಿಬಿಡುತ್ತೇನೆಂದು ಬೇಡಿದೆ. ಮೇಡಂ ತಲೆಯಾಡಿಸಿದರು. "ಬ್ಯಾಡ್ರಿ ತಾತಾ. ಮೊದಲ ಈ ಪಾಠ ಬಂದ್ರ ಮಕ್ಕಳೆಲ್ಲಾ ತಲಿ ಬಗ್ಗಿಸಿ ಕೂಡ್ತಿದ್ವು. ಈಗ ನಿಮ್ಮ ತಪ್ಪು ಹುಡುಕಾಕಂತ ಕಣ್ಣು ಬಿಟ್ಟು ನೋಡ್ತಾವ."

"ಹಂಗಾದ್ರ ನನ್ನ ಹೆಸರಾದ್ರೂ ಅಳಸ್ತೀನಿ."

"ಮರತವರು ಯಾರಂತ ಗೊತ್ತಾಗಬೇಕಲ್ರಿ."

ಒಂದು ಬೊಟ್ಟು ಬಣ್ಣ ಹಚ್ಚಿದರೆ ನನ್ನ ಹೆಸರು ಉಳಿಯುತ್ತಿತ್ತು, ಮಕ್ಕಳ ತಲೆ ಮತ್ತೆ ಬಗ್ಗುತ್ತಿತ್ತು. ಯೋಚಿಸುತ್ತ ನಿಂತಿರುವಾಗಲೇ ಅವಸರವಾಯಿತು, ಶಾಲೆಯ ಹಿಂಬದಿಗೆ ಓಡಿದೆ. ಮರಳಿ ಬರುವಷ್ಟರಲ್ಲಿ ತರಗತಿಯೆಲ್ಲ ಕೂತು, ಅದೇ ಪಾಠವೂ ಅರ್ಧ ಮುಗಿದಿತ್ತು. ಬಣ್ಣದ ಚೀಲವನ್ನು ಬಾಗಿಲ ಬಳಿಯೇ ಇಟ್ಟು, ಮೇಡಂ ಅವರ ಅಪ್ಪಣೆ ಪಡೆದು ಮಕ್ಕಳ ಮುಂದೆ ನಿಂತೆ.

"ಈ ಚಿತ್ರ ಬರದಾವ ನಾನ. ಈಗ ಒಂದಕ್ಕ ಹೋಗಿ ಬರಾಕ ನನಗ ಇಷ್ಟೊತ್ತು ಯಾಕ ಹಿಡೀತು, ಯಾರು ಹೇಳ್ತೀರಿ?"

"ಪ್ರಾಸ್ಟೇಟ್ ಗ್ರಂಥಿ" ಎಂದಿತು ಇಡೀ ತರಗತಿ, ಒಬ್ಬರೂ ತಲೆ ತಗ್ಗಿಸದೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ತಾತಾ, ಅದಕ್ಕ ಗುಳಿಗಿ ತಗೊಳ್ಳಾಕತ್ತೀರಿಲ್ಲೋ?"

ಸುಳ್ಳು ಹೇಳುವುದರಲ್ಲಿ ಬಳ್ಳಾರಿ ಸೀಮೆಯಲ್ಲಿ ನನಗೆ ಸಮ ಯಾರೂ ಇಲ್ಲ. ಆದರೂ ಅಷ್ಟು ಕಣ್ಣುಗಳು ನೆಟ್ಟಗೆ ನೋಡುತ್ತಿರುವಾಗ ನಾಲಗೆ ಹೊರಳಲಿಲ್ಲ.

"ಇವತ್ತಿಂದ ತಗೋತೀನವ್ವಾ" ಎಂದೆ.