ದಾನಮ್ಮನ ಗಂಟಲಲ್ಲಿ ಊರವರ ಕೆಮ್ಮು

ಬೆಳಗಿನ ಐದು ಗಂಟೆ. ಠಾಣೆ ನಗರದ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಹಿಂದಿನ ಗಲ್ಲಿಯಲ್ಲಿ ದಾನಮ್ಮ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾರೆ. ಒಳಗೆ ಯಾರೋ ಹಮಾಲ ಕೆಮ್ಮುತ್ತಾನೆ. ಕೇಳಿಸಿಕೊಂಡ ದಾನಮ್ಮ ಅದೇ ಕೆಮ್ಮನ್ನು ಮೆಲ್ಲಗೆ ಕೆಮ್ಮಿ ನೋಡುತ್ತಾರೆ. ಹೆಂಗಸಿನ ಬಾಯಲ್ಲಿ ಗಂಡಸಿನ ಕೆಮ್ಮು! ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲೇ ನಿಂತು ಕೇಳುತ್ತೇನೆ.

ಕಲಬುರಗಿ ಕಡೆಯಿಂದ ಬಂದ ಇವರು ಧರ್ಮದ ದವಾಖಾನೆಯೊಂದರ ಸಹಾಯಕಿ. ಗಲ್ಲಿಯಲ್ಲಿ ಒಂಟಿ ಕೋಣೆಯ ಅರವತ್ತೆರಡು ಖೋಲಿ, ಹೆಚ್ಚಿನವರು ಲೋಡಿಂಗ್ ಕೆಲಸದವರು. ಒಂದು ದಿನ ಛುಟ್ಟಿ ಹಾಕಿದರೆ ಕೆಲಸ ಇನ್ನೊಬ್ಬನ ಪಾಲಾಗುತ್ತದೆ, ಹಾಗಾಗಿ ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಅವರ ಕೆಮ್ಮು ಮಾತ್ರ ದಾನಮ್ಮನ ಗಂಟಲಲ್ಲಿ ಕೂತು ಹೋಗುತ್ತದೆ. ಕನ್ನಡ ಬಾರದ ಮರಾಠಿ ಡಾಕ್ಟರ ಮುಂದೆ ಇವರು ದಿನಕ್ಕೆ ಹತ್ತು ಹನ್ನೆರಡು ಕೆಮ್ಮು ಕೆಮ್ಮಿ ತೋರಿಸುತ್ತಾರೆ. ಯಾರನ್ನು ಮೊದಲು ಎಳೆದು ತರಬೇಕೆಂದು ಡಾಕ್ಟರು ಹೇಳುತ್ತಾರೆ.

"ಒಣಾ ಕೆಮ್ಮು ಮ್ಯಾಲಿಂದ ಬರ್ತದ್ರಿ, ಕಫದ್ದು ತಳದಿಂದ. ಮೂರು ವಾರ ದಾಟಿದ್ರ ನಾ ಬಿಡಾಂಗಿಲ್ಲ," ಎನ್ನುತ್ತಾರೆ ದಾನಮ್ಮ.

ಹೋದ ವರ್ಷ, 2013ರ ಮಳೆಗಾಲದಲ್ಲಿ, ಹಮಾಲ ಮಾನಪ್ಪ ಉಸಿರು ಕಟ್ಟಿ ತೀರಿಕೊಂಡರು. ಹದಿನೈದು ದಿನಕ್ಕೆ ಅವರ ಖೋಲಿಯಿಂದ ಮತ್ತೆ ಅದೇ ಕೆಮ್ಮು: ಎರಡು ಗಿಡ್ಡ, ಒಂದು ಉದ್ದ, ಕೊನೆಗೊಂದು ಸಿಳ್ಳು. ನೆರೆಯವರು ಆ ಕಡೆ ನೀರಿಗೆ ಹೋಗುವುದನ್ನೂ ಬಿಟ್ಟರು. ದಾನಮ್ಮ ಬಾಗಿಲು ದೂಡಿ ನೋಡಿದರೆ, ಕೆಮ್ಮುತ್ತಿದ್ದವಳು ಹೆಂಡತಿ ಬಾಲಮ್ಮ. ಕಿಟಕಿಯಿಲ್ಲದ ಕೋಣೆ, ಒಲೆಯಲ್ಲಿ ಬಣ್ಣ ಮೆತ್ತಿದ ಪ್ಯಾಕಿಂಗ್ ಕಟ್ಟಿಗೆ. ಗಂಡನ ಎದೆ ಕೆಡಿಸಿದ್ದೂ ಅದೇ ಹೊಗೆ.

ಬಾಲಮ್ಮನ ಕಫದ ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ. ಬ್ರಾಂಕೈಟಿಸ್ ಎಂದರು ಡಾಕ್ಟರು. ಹೊಗೆ ಬಿಟ್ಟು, ಬಾಯಿಗಿಟ್ಟು ಉಸಿರಿನೊಂದಿಗೆ ಎಳೆಯುವ ಪಂಪಿನ ಔಷಧ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ, ಇಲ್ಲವಾದರೆ ಮಾನಪ್ಪನ ದಾರಿಯೇ. ಬಾಲಮ್ಮ ಪಂಪನ್ನು ಮುಟ್ಟಲೂ ಇಲ್ಲ.

"ಅವರು ನನ್ನ ಎದ್ಯಾಗ ಕುಂತಾರ, ಯಕ್ಕಾ. ಔಷಧ ಹಾಕಿ ಹೊರಗ ದಬ್ಬಲೇನು?"

ದಾನಮ್ಮ ಮಾನಪ್ಪನಂತೆಯೇ ಕೆಮ್ಮಿದರು. ಸಿಳ್ಳೂ ತಪ್ಪಲಿಲ್ಲ. ಬಾಲಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, ತಂಬಿಗೆಯಲ್ಲಿ ನೀರು ತಂದಿಟ್ಟಳು.

"ಅವ ನನ್ನ ಬಲ್ಲಿ ಇರ್ಲಿ. ನೀ ಔಷಧ ಎಳ್ಕೋ, ತಂಗಿ," ಅಂದರಂತೆ ದಾನಮ್ಮ.

ಈಗ ಬಾಲಮ್ಮ ಗ್ಯಾಸಿನ ಮೇಲೆ ಅಡುಗೆ ಮಾಡುತ್ತಾಳೆ, ಕೆಮ್ಮು ಇಳಿದಿದೆ. ಆದರೆ ದಿನಾ ಬೆಳಗ್ಗೆ ಬಾಗಿಲಲ್ಲಿ ದಾನಮ್ಮ ಕೆಮ್ಮುವ ಮಾನಪ್ಪನ ಕೆಮ್ಮು ಕೇಳಿದ ಮೇಲೆಯೇ ಅವಳು ಪಂಪ್ ಕೈಗೆ ತೆಗೆದುಕೊಳ್ಳುವುದು. ಇವತ್ತು ಆ ಕೆಮ್ಮನ್ನು ನಾನೂ ಕೇಳಿದೆ. ಸುಳ್ಳೇಕೆ, ಹೆದರಿಕೆಯಾಯಿತು.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದಾನಮ್ಮ ಎದೆ ನೀವಿಕೊಳ್ಳುತ್ತಾರೆ.

"ಈಗೀಗ ನಾ ಕರೀದಿದ್ರೂ ಬರ್ತಾನ್ರಿ ಮಾನಪ್ಪ. ಒಂದಿನ ಬಾಲಮ್ಮನೇ, 'ಸಾಕು ಯಕ್ಕಾ, ಅವರನ್ನ ಕಳಿಸಿಬಿಡು' ಅನ್ಬೇಕು. ಅಲ್ಲೀತನಕ ಇಟ್ಕೊಂಡಿರ್ತೀನಿ."