ಅತ್ತೆ ಒಂದನೇ ಕ್ಲಾಸಿಗೆ ಹೋಗಿದ್ದು

ಮಗಳಿಗೆ ಮಿದುಳು ಜ್ವರ ಬಂದಾಗ ನಾಲ್ಕು ವರ್ಷ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಯಜಮಾನರು ಚಿನ್ನದ ಗಣಿಗೆ ಇಳಿಯುತ್ತಿದ್ದರು, ನಾವು ಊರಿಗಾಂನ ಕಾರ್ಮಿಕರ ಲೈನ್ ಮನೆಯಲ್ಲಿದ್ದೆವು. ಸುದ್ದಿ ತಿಳಿದ ದಿನವೇ ನಮ್ಮತ್ತೆ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಸ್ಸು ಹತ್ತಿ ಬಂದರು.

ಹನ್ನೊಂದು ದಿನ ಅವರು ಆಸ್ಪತ್ರೆಯ ಮಂಚದ ಪಕ್ಕ ನೆಲದ ಮೇಲೆ ಕೂತು, ಮಗುವಿನ ಪಾದ ಹಿಡಿದುಕೊಂಡು ವೆಂಕಟರಮಣನನ್ನು ಬೇಡಿಕೊಂಡರು. ಕಷ್ಟ ಬಂದಾಗ ಅವರ ಬಾಯಿಗೆ ತವರಿನ ತೆಲುಗೇ ಬರುತ್ತಿತ್ತು. ಹನ್ನೆರಡನೆಯ ದಿನ ಮಗು ಕಣ್ಣು ಬಿಟ್ಟು ಗಂಜಿ ಕೇಳಿತು. ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ.

ಮನೆಗೆ ಬಂದ ವಾರಕ್ಕೆ ಗೊತ್ತಾಯಿತು. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಸೈರನ್ ಕೂಗಿತು. ಅದು ಕೂಗಿದರೆ ಸಾಕು, ನನ್ನ ಮಗಳು ‘ಅಪ್ಪ’ ಎಂದು ಬೀದಿಗೆ ಓಡುವವಳು. ಅವತ್ತು ಹೊಸ್ತಿಲ ಮೇಲೆ ಕೂತು ಹುಣಸೆ ಬೀಜ ಜೋಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. ಹಿಂದೆ ನಿಂತು ಹೆಸರು ಹಿಡಿದು ಕೂಗಿದೆ. ತಟ್ಟೆ ಬಡಿದೆ. ಡಾಕ್ಟರು ನೋಡಿ, ಜೀವ ಉಳಿದದ್ದೇ ದೊಡ್ಡದು, ಕಿವಿ ಮತ್ತೆ ಬರುವುದಿಲ್ಲ ಎಂದರು.

ನಾನು ದೇವರಿಗೆ ದೀಪ ಹಚ್ಚುವುದನ್ನು ನಿಲ್ಲಿಸಿದೆ. ಅತ್ತೆ ಬೈಯಲಿಲ್ಲ, ತಾವೇ ಹಚ್ಚಿದರು. ಒಂದು ದಿನ ತಡೆಯಲಾರದೆ ಅಂದೆ: “ನಿಮ್ಮ ದೇವ್ರಿಗೆ ಕಿವಿ ಇದ್ದಿದ್ರೆ ಇವಳಿಗೂ ಇರ್ತಿತ್ತು.”

ಅತ್ತೆ ಬತ್ತಿ ಹೊಸೆಯುತ್ತಲೇ ಉತ್ತರ ಕೊಟ್ಟರು. “ನಾನ್ ಉಸ್ರು ಕೇಳ್ದೆ, ಕೊಟ್ಟ. ಕಿವಿ ಕೇಳೋಕೆ ನಂಗೆ ತೋಚ್ನಿಲ್ಲ ಕಣಮ್ಮ. ಉಸ್ರು ಕೊಟ್ಟೋನು ಅರ್ಧ ದಾರೀಲಿ ಕೈ ಬುಡ್ತಾನಾ? ಆದ್ರೆ ನಾವೂ ಒಂದೆಜ್ಜೆ ಇಡ್ಬೇಕು.”

ಆ ಹೆಜ್ಜೆ ಯಾವುದೆಂದು ಮರುವರ್ಷ ತಿಳಿಯಿತು. ಶಾಲೆಗೆ ಸೇರಿಸಲು ಹೋದಾಗ ಟೀಚರಮ್ಮ ಕನಿಕರದಿಂದಲೇ ಹೇಳಿದರು: “ಕಿವಿ ಕೇಳದ ಮಗುಗೆ ನಾನು ಹ್ಯಾಗಮ್ಮ ಪಾಠ ಹೇಳ್ಲಿ?”

ನಾನು ಹಿಂತಿರುಗಲು ಮೈ ತಿರುಗಿಸಿದ್ದೆ. ಅತ್ತೆ ಕದಲಲಿಲ್ಲ. “ಜತೇಲಿ ನಾನೂ ಕೂತ್ಕಂತೀನಿ ತಾಯಿ. ನೀವೇಳಿದ್ದ ನಾನ್ ಕೇಳುಸ್ಕಂತೀನಿ, ಅವ್ಳಿಗೆ ಕೈಯಾಗೆ ಏಳ್ತೀನಿ.”

“ನಿಮಗೆ ಓದು ಬರತ್ತಾ, ಅಜ್ಜಿ?”

“ಇಲ್ಲ ತಾಯಿ. ನಂಗೂ ಏಳ್ಕೊಡಿ.”

ಟೀಚರಮ್ಮ ನಕ್ಕರು, ಆಮೇಲೆ ಒಪ್ಪಿದರು. ಹೀಗೆ ಅರವತ್ತರ ಹತ್ತಿರದ ನಮ್ಮತ್ತೆ ಒಂದನೇ ಕ್ಲಾಸಿನ ಚಾಪೆಯ ಕೊನೆಯಲ್ಲಿ ಮಂಡಿ ಮಡಚಿ ಕೂತರು. ‘ಆ’ ಎಂದರೆ ಬಾಯಿ ಎಷ್ಟು ಅಗಲ, ‘ಈ’ ಎಂದರೆ ತುಟಿ ಹೇಗೆ ಎಂದು ಮೊಮ್ಮಗಳಿಗೆ ತೋರಿಸುವರು, ಅವಳ ಅಂಗೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು ಹೇಳುವರು. ಇದನ್ನೆಲ್ಲ ಯಾರೂ ಅವರಿಗೆ ಕಲಿಸಿರಲಿಲ್ಲ. ಪಕ್ಕದ ಮನೆಯ ತಮಿಳು ಅಕ್ಕ ಮೊದಮೊದಲು ‘ಪಾಟಿ ಸ್ಕೂಲುಕ್ಕು ಪೋರಾಂಗ’, ಅಜ್ಜಿ ಸ್ಕೂಲಿಗೆ ಹೊರಟರು ಎಂದು ನಗುತ್ತಿದ್ದವರು, ತಿಂಗಳು ಕಳೆಯುವಷ್ಟರಲ್ಲಿ ಇಬ್ಬರಿಗೂ ಡಬ್ಬಿಯಲ್ಲಿ ಇಡ್ಲಿ ಹಾಕಿಕೊಡತೊಡಗಿದರು.

ಜ್ವರದ ನಂತರ ನನ್ನ ಮಗಳ ಮಾತು ಸವೆಯುತ್ತ ಬಂದಿತ್ತು, ಆ ಸವೆತ ಅಲ್ಲಿಗೆ ನಿಂತಿತು. ಹೊಸ ಮಾತು ನಿಧಾನಕ್ಕೆ, ಸ್ವಲ್ಪ ಮೊಂಡಾಗಿ ಸೇರಿಕೊಂಡಿತು. ಎರಡು ವರ್ಷ ಅತ್ತೆ ಜೊತೆಗಿದ್ದರು. ಆಮೇಲೆ ಅವಳೇ ‘ನೀ ಬರ್ಬೇಡ’ ಎಂದಳು, ಸ್ನೇಹಿತೆಯರು ಸಿಕ್ಕಿದ್ದರು. ಯಾವಾಗಿನಿಂದ ನಾನು ಮತ್ತೆ ದೇವರ ಮುಂದೆ ಕೂರತೊಡಗಿದೆನೋ ನೆನಪಿಲ್ಲ. ಬೇಡುವುದಕ್ಕೇನೂ ಇರಲಿಲ್ಲ, ಸುಮ್ಮನೆ ಕೂರುತ್ತಿದ್ದೆ. ಎದೆ ಹಗುರಾಗುತ್ತಿತ್ತು.

ಅರವತ್ತರ ದಶಕದ ಕೊನೆಗೆ ನಾವು ಬಂಗಾರಪೇಟೆಗೆ ಮನೆ ಬದಲಿಸಿದೆವು. ಮಗಳು ಹೊಲಿಗೆ ಕಲಿತಳು. ರವಿಕೆಯ ಅಳತೆಯನ್ನು ತಾನೇ ಬರೆದುಕೊಳ್ಳುವಳು, ಗಿರಾಕಿಗಳ ತುಟಿ ನೋಡಿ ಉತ್ತರ ಕೊಡುವಳು. ಅಜ್ಜಿ ಮೊಮ್ಮಗಳ ಜಗಳ ಮಾತ್ರ ಸ್ಲೇಟಿನ ಮೇಲೆಯೇ. ಹಲ್ಲು ಬಿದ್ದ ಮೇಲೆ ಅತ್ತೆಯ ತುಟಿ ಓದಲಾಗುವುದಿಲ್ಲವೆಂಬುದು ಅವಳ ದೂರು. ಮಗಳು ಸಾರು ಮಾಡಿದ ಒಂದು ಸಂಜೆ ಅತ್ತೆ ದೊಡ್ಡ ಅಕ್ಷರದಲ್ಲಿ ‘ಸಾರಿಗೆ ಉಪು ಜಾಸ್ತಿ’ ಎಂದು ಬರೆದು ಅವಳ ಮುಂದೆ ಹಿಡಿದರು. ಅವಳು ಬಳಪ ಕಸಿದುಕೊಂಡು ‘ಉಪು’ವಿಗೆ ಒತ್ತು ಕೊಟ್ಟು, ಉಪ್ಪಿನ ವಿಷಯಕ್ಕೆ ಉತ್ತರವನ್ನೇ ಕೊಡದೆ ಹೊಲಿಗೆಗೆ ಕೂತಳು.