ಸರ್ ಮಾಡಿದ ಸಿಡಿಲಿನ ಪೇಜು

ಕೊಡಂಗಲ್‌ನಿಂದ ತಾಂಡೂರಿಗೆ ಬರುವ ಬಸ್ಸಿನಲ್ಲಿ ಮೊನ್ನೆ ಕುರಿ ಕಾಯುವ ಮುದುಕನೊಬ್ಬ ನನ್ನ ಹಿಂದಿನ ಸೀಟಿಗೆ ಬಂದು ಕೂತ. ಮಳೆಯಲ್ಲಿ ನೆನೆದ ಕಂಬಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ನಮ್ಮ ಕಂಪ್ಯೂಟರ್ ಸರ್ ನೆನಪಾದರು… ಅವರ ಮನೆಯೂ ಹೀಗೇ ನಾರುತ್ತಿತ್ತು.

ಸರ್ ಕುರುಬರ ಮನೆಯವರು. ತಾಂಡೂರಿನ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದರು. ಅವರನ್ನು ಓದಿಸಿದ ಅಣ್ಣ ಪೆದ್ದೆಮುಲ್ ಕಡೆ ಕುರಿಗಳ ಹಿಂದೆಯೇ ಉಳಿದಿದ್ದ. ಮೋಡ ಕಟ್ಟಿತೆಂದರೆ ಸರ್ ಜೀವ ಪುಕುಪುಕು. ಬಯಲಿನಲ್ಲಿ ಸಿಡಿಲು ಬಡಿದು ಕುರಿಗಾರರು ಸಾಯುವುದು ನಮ್ಮ ಕಡೆ ಹೊಸದಲ್ಲ ನೋಡಿ. ಅದಕ್ಕೇ ಅಣ್ಣನ ಮೊಬೈಲಿನ ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದು ಪೇಜು ಮಾಡಲು ಹೊರಟರು. ಹವಾಮಾನದ ಸರ್ವರಿಗೆ ಸಿಡಿಲಿನ ಸುದ್ದಿ ಬಂದರೆ ಪೇಜು ಜೋರಾಗಿ ಕೂಗಬೇಕು, ಅಣ್ಣ ಓಡಿ ಸೂರು ಸೇರಬೇಕು. ಆ ಮನುಷ್ಯನಿಗೆ ಬೇರೆ ಆಸೆಯೇ ಇರಲಿಲ್ಲ.

ಪೇಜು ಸರ್ವರಿನ ಜೊತೆ ಮಾತಾಡುವುದು ಹೇಗೆ? ಜಗಳ ಬಿದ್ದದ್ದು ಅಲ್ಲಿ. ಕಾಲು ತಾಸಿಗೊಮ್ಮೆ ಪೇಜೇ ಹೋಗಿ ಏನಾದರೂ ಸುದ್ದಿ ಇದೆಯಾ ಅಂತ ಕೇಳಿ ಬರಬೇಕೋ, ಇಲ್ಲಾ ಲೈನು ಹಿಡಿದೇ ಇದ್ದು, ಸುದ್ದಿ ಬಂದ ಕ್ಷಣ ಸರ್ವರೇ ಹೇಳಬೇಕೋ? ಲೈನು ಹಿಡಿದಿರಲಿ ಅಂತ ನಾನು ಹಟ ಹಿಡಿದೆ.

“ಲೈನ್ ಹಿಡಕೊಂಡು ಕುಂತ್ರ ಮಧ್ಯಾಹ್ನಕ್ಕ ಚಾರ್ಜ್ ಖತಂ. ಅಡವ್ಯಾಗ ಯಾರ್ ಚಾರ್ಜ್ ಮಾಡಿ ಕೊಡ್ತಾರವ್ವ?” ಅಂದರು ಸರ್. ಅದೂ ಖರೆಯೇ. ಕೇಳಿ ಬರುವ ದಾರಿಯೇ ಗಟ್ಟಿಯಾಯಿತು.

ಆ ಮಳೆಗಾಲದ ಒಂದು ಮಧ್ಯಾಹ್ನ ಅಣ್ಣ ಹೋದ. ಕುರಿಗಳ ನಡುವೆಯೇ ಬಿದ್ದಿದ್ದನಂತೆ.

ಸುದ್ದಿ ಸರ್ವರಿಗೆ ಬಂದದ್ದಕ್ಕೂ ಸಿಡಿಲು ಬಡಿದದ್ದಕ್ಕೂ ನಡುವೆ ಕಾಲು ತಾಸೂ ಇರಲಿಲ್ಲ. “ಲೈನ್ ಹಿಡಿದಿದ್ರ ಅಣ್ಣ ಉಳೀತಿದ್ದ” ಅನ್ನುತ್ತಲೇ ಸರ್ ಲ್ಯಾಬಿನಲ್ಲಿ ಕೂತು ಪೇಜನ್ನು ಹೊಸದಾಗಿ ಬರೆದರು. ಊಟ ಬಿಟ್ಟರು, ಗಡ್ಡ ಬಿಟ್ಟರು… ಸಮಾಧಾನ ಹೇಳಲು ಹೋದವರ ಮೇಲೆ ಹರಿಹಾಯ್ದರು. ಉಳಿದ ಕುರಿಗಾರರಿಗಾದರೂ ಆಗಲಿ ಅಂತ, ಹೊಸ ಪೇಜು ಹಾಕಿ ನೋಡಲು ಅಣ್ಣನ ಫೋನು ತರಲು ಹೊರಟಾಗ ನಾನೂ ಜೊತೆಗೆ ಹೋದೆ.

ಅಣ್ಣನ ಹೆಂಡತಿ ಬುತ್ತಿ ಚೀಲದಿಂದ ಫೋನು ತೆಗೆದುಕೊಟ್ಟರು. ಫೋನು ಬಂದ್ ಆಗಿತ್ತು. ಸರ್ ಗುಂಡಿ ಒತ್ತಿದರು, ಹತ್ತಿಕೊಂಡಿತು. ಚಾರ್ಜು ಬೇಕಾದಷ್ಟಿತ್ತು.

“ಇದನ್ನ ಬಂದ್ ಯಾರ್ ಮಾಡಿದ್ರು ವೈನಿ?”

“ಯಾರೂ ಮುಟ್ಟಿಲ್ಲಪಾ. ಗುಡುಗು ಕೇಳಿದ್ರ ಅವರೇ ಬಂದ್ ಮಾಡಿ ಚೀಲದಾಗ ಹಾಕಿ ದೂರ ಇಡ್ತಿದ್ರು. ಚಾಲೂ ಇದ್ರ ಸಿಡ್ಲು ಎಳೀತದಂತಲ್ಲ? ಕುರಿಗಾರರೆಲ್ಲಾ ಹಂಗೇ ಮಾಡ್ತಾರ.”

ಸರ್ ಫೋನನ್ನು ಮತ್ತೆ ಚೀಲಕ್ಕೆ ಹಾಕಿದರು. ಬಂದ್ ಆದ ಫೋನಿಗೆ ಯಾವ ದಾರಿಯಾದರೇನು? ಅಣ್ಣನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ… ಆಮೇಲೆ ಅವರು ಬಶೀರಾಬಾದ್ ತನಕ ಊರೂರು ತಿರುಗಿ, ಗುಡುಗಿದಾಗ ಫೋನು ಬಂದ್ ಮಾಡಬೇಡಿ, ಫೋನು ಸಿಡಿಲು ಎಳೆಯುವುದಿಲ್ಲ ಅಂತ ಗಂಟಲು ಹರಿದುಕೊಂಡರು. ಹೂಂ ಅಂದವರೇ ಎಲ್ಲ, ನಂಬಿದವರು ಯಾರೂ ಇಲ್ಲ. ಹೋದ ವರ್ಷ ಜಹೀರಾಬಾದಿನಲ್ಲಿ ಸರ್ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ಮಣ್ಣಾದ ಮೇಲೆ.

ಬಸ್ಸು ಊರ ಹತ್ತಿರ ಬಂದಾಗ ಗುಡುಗಿತು. ತಿರುಗಿ ನೋಡಿದರೆ ಮುದುಕ ಅವಸರದಿಂದ ಫೋನು ತೆಗೆದು ಬಂದ್ ಮಾಡುತ್ತಿದ್ದ.

“ಕಾಕಾ, ಫೋನಿಗೆ ಸಿಡ್ಲು ಬರಂಗಿಲ್ರಿ” ಅಂದೆ.

ಅವನು ನನ್ನನ್ನೇ ಕನಿಕರದಿಂದ ನೋಡಿದ. “ನಿನಗ ಗೊತ್ತಿಲ್ಲ ಮಗಳ. ಪೆದ್ದೆಮುಲ್ ಕಡೆ ಒಬ್ಬಾಂವ ಹಂಗೇ ಸತ್ತಾನ. ಅವನ ತಮ್ಮ ಕಂಪ್ಯೂಟರ್ ಸರ್ ಅಂತ, ಅಣ್ಣನ ಫೋನಿಗೆ ಏನೋ ಹಾಕಿಕೊಟ್ಟಿದ್ನಂತ. ಅದೇ ಸಿಡ್ಲು ಎಳೀತು.”